ಅಣ್ಣನ ತಲೆಗೆ ಹಚ್ಚಿದ ಗಂಧ

ಯಾರ ಮನೆಯಲ್ಲಾದರೂ ಗಂಧ ತೇಯುವ ವಾಸನೆ ಬಂದರೆ ಇಂದಿಗೂ ನನ್ನ ತಲೆ ತಾನಾಗಿ ತಗ್ಗುತ್ತದೆ.

ಆಗ ರಾಯದುರ್ಗದಲ್ಲಿ ಹುಡುಗರ ಎರಡು ಗುಂಪುಗಳು ಸೈಕಲ್ ಚೈನು ಹಿಡಿದು ಹೊಡೆದಾಡುತ್ತಿದ್ದವು. ಊರಿಗೆಲ್ಲ ಗುರುತು ಸಿಗಲೆಂದು ಪೊಲೀಸರು ಸಿಕ್ಕವರ ತಲೆ ಬೋಳಿಸಿ ಮನೆಗೆ ಕಳಿಸುತ್ತಿದ್ದರು. ಒಂದು ಮಧ್ಯಾಹ್ನ ನನ್ನ ಅಣ್ಣನೂ ಹಾಗೇ ಬಂದ. ಅವ್ವ ಬೈಯಲಿಲ್ಲ. ಗಂಧ ತೇದು ಅವನ ತಲೆಗೆಲ್ಲ ದಪ್ಪಗೆ ಬಳಿದಳು.

"ಯಾರು ಕೇಳಿದ್ರೂ ನೇಮಕಲ್ಲು ಆಂಜನೇಯಗ ಮುಡಿ ಕೊಟ್ಟು ಬಂದೀವಿ ಅನ್ರಿ."

ಓಣಿಯಲ್ಲಿ ಕೇಳಿದವರಿಗೆ ನಾನು ಹಾಗೇ ಹೇಳಿದೆ. ಗಂಧ ಆರುವ ಮೊದಲೇ ಪಕ್ಕದ ಮನೆಯ ಶಾರದಮ್ಮ ಬಂದರು. "ನೇಮಕಲ್ಲಿಗೆ ಹೋಗಿದ್ರಂತ. ನಮಗ ಪ್ರಸಾದ ಇಲ್ಲೇನ್ರಿ ಅಕ್ಕಾ?"

ಅವ್ವ ಒಳಗೆ ಹೋಗಿ, ಡಬ್ಬಿಯಲ್ಲಿದ್ದ ಮಂಡಕ್ಕಿಗೆ ಬೆಲ್ಲ ಬೆರೆಸಿ ತಂದಳು. ಶಾರದಮ್ಮ ಅದನ್ನು ಕಣ್ಣಿಗೊತ್ತಿಕೊಂಡರು.

"ಇನ್ನೊಂದೀಟು ಕೊಡ್ರಿ. ನಮ್ಮ ಹುಡುಗ ಬಳ್ಳಾರಿ ದವಾಖಾನ್ಯಾಗ ಮಲಗ್ಯಾನ. ತಲೆಗೆ ಹೊಲಿಗಿ ಹಾಕ್ಯಾರ."

ಹಿಂದಿನ ದಿನ ಆ ಹುಡುಗನ ಮೇಲೆ ಚೈನು ಬೀಸಿದವನು ಅಣ್ಣನೇ. ಶಾರದಮ್ಮನಿಗೆ ಅದು ಗೊತ್ತಿತ್ತೇ? ಅವರು ಸಣ್ಣಗೆ ನಕ್ಕಂತೆ ನೆನಪು. ಆ ನಗುವನ್ನು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು. ಆದರೆ ಇಷ್ಟು ಮಾತ್ರ ನನ್ನ ಕಲ್ಪನೆಯಲ್ಲ: ಹೊರಡುವಾಗ ಅವರು ಅಣ್ಣನ ತಲೆಯ ಮೇಲೆ ಕೈಯಿಟ್ಟು ಹರಸಿ, ಬೆರಳಿಗೆ ಅಂಟಿದ ಗಂಧವನ್ನು ತಮ್ಮ ಹಣೆಗೆ ಹಚ್ಚಿಕೊಂಡರು.