ಕೌದಿಯ ನಾಲ್ಕನೇ ಮೂಲೆ

ಕೌದಿಯ ಮೂರು ಮೂಲೆ ಮುಗಿದು, ನಾಲ್ಕನೆಯದು ಇನ್ನೂ ಬಾಯಿ ತೆರೆದುಕೊಂಡಿದ್ದಾಗ ಚನ್ನಬಸವಣ್ಣ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಗದಗಿನಿಂದ ಮುಳಗುಂದದವರೆಗೆ ಬೈಕಿನ ಮೇಲೆ ಬಂದ ಪ್ರಕಾಶಕನ ಮೀಸೆಗೂ ಧೂಳು ಹತ್ತಿತ್ತು. ಹೆಗಲಿನ ಚೀಲ ಖಾಲಿ. ಅದರೊಳಗೆ ಹೋಗಬೇಕಾದ ಕಾದಂಬರಿಯ ಕೊನೆಯ ಪ್ರೂಫು, ನೂರಾ ಎಂಬತ್ತನಾಲ್ಕು ಪುಟ, ದಾರ ಕಟ್ಟಿಸಿಕೊಂಡು ಪಡಸಾಲೆಯ ಗೂಡಿನಲ್ಲಿ ಕೂತಿತ್ತು.

"ಏನಪಾ ಕಳಕೇಶ, ಕಾದಂಬರಿ ಬರಿಯಾಂವ ಕೌದಿ ಹೊಲಿಯಾಕ ಕುಂತೀಯಲ್ಲ!"

"ಎರಡೂ ವರ್ಷದ ಹಿಂದ ಸುರು ಮಾಡಿದ್ದರಿ ಅಣ್ಣಾರ. ಎರಡೂ ಇವತ್ತ ಮುಗೀತಾವ," ಎಂದ ಕಳಕೇಶ, ಸೂಜಿಯಿಂದ ಕಣ್ಣೆತ್ತದೆ.

ಹೆಂಡತಿ ಸುಶ್ಮಿತಾ ಬಸುರಿ ಎಂದು ತಿಳಿದ ವಾರವೇ ಕಳಕೇಶನ ತಾಯಿ ನೀಲಗಂಗವ್ವ ಹಳೆಯ ಸೀರೆಗಳನ್ನು ಹರಡಿ ಮೊದಲ ಹೊಲಿಗೆ ಹಾಕಿದ್ದಳು. ಅಂದಿನಿಂದ ದಿನಾ ಮಧ್ಯಾಹ್ನ ಇವನು ಬರೆದದ್ದನ್ನು ಓದುವುದು, ಅವಳು ಹೊಲಿಯುವುದು. ಓದಿ ಮುಗಿದ ಮೇಲೆ ಇವನೂ ಎದುರಿನ ಅಂಚಿಗೆ ಕೂತು ಸೂಜಿ ಹಿಡಿಯುವುದು. ಎದುರು ಮನೆಯ ಮುದಕಪ್ಪ ಗಂಡಸಿನ ಕೈಯಲ್ಲಿ ಕೌದಿ ಕಂಡು ಮೊದಮೊದಲು ನಕ್ಕ. ಆಮೇಲೆ ಕಾದಂಬರಿ ಕೇಳಲು ಬಂದು ಕೂತು, ಕೂತಲ್ಲೇ ನಿದ್ದೆ ಹೋಗತೊಡಗಿದ. ಈಗ ತೊಟ್ಟಿಲಲ್ಲಿ ನಾಲ್ಕು ತಿಂಗಳ ಮಗಳು. ಸೋಮವಾರದಿಂದ ಸುಶ್ಮಿತಾ ಲಕ್ಷ್ಮೇಶ್ವರದ ಶಾಲೆಗೆ ಮರಳುತ್ತಾಳೆ, ಕೂಸು ಅಜ್ಜಿಯ ಬಳಿ ಈ ಕೌದಿಯ ಮೇಲೆ ಮಲಗುತ್ತದೆ.

ಕಾದಂಬರಿಯಲ್ಲಿ ಹೆಸರಿಲ್ಲದ ಒಬ್ಬ ಹೆಂಗಸು ಗದಗಿನಲ್ಲಿ ಬಸ್ಸಿಳಿದು ಮೂರು ದಿನ ಊರೆಲ್ಲ ನಡೆಯುತ್ತಾಳೆ. ಅಷ್ಟೇ. ಅದರಲ್ಲಿ ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ ಎಂದು ಕಳಕೇಶ ಹೇಳಿಕೊಂಡು ತಿರುಗಿದ್ದ. ಅವನ ಮೊದಲ ಪುಸ್ತಕ. ನಾಳೆ ಬೆಳಿಗ್ಗೆ ಅಚ್ಚಿನ ಮಷಿನ್ನಿಗೆ ಹೋಗುವುದಿತ್ತು. ಚನ್ನಬಸವಣ್ಣ ಕಟ್ಟನ್ನು ಗೂಡಿನಿಂದ ತೆಗೆದು ಚೀಲಕ್ಕೆ ಹಾಕಿಕೊಂಡ.

"ಆ ರೊಟ್ಟಿ ಚೂರು ಕೊಡಿಲ್ಲೆ," ಎಂದಳು ನೀಲಗಂಗವ್ವ. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ರೊಟ್ಟಿಯ ಚೂರು ಇಟ್ಟು ಹೊಲಿಯುವುದು ಅವಳ ತವರಿನ ರೂಢಿ.

"ಇರಿವಿ ಹತ್ತತಾವ ಬೇ."

"ಹತ್ತಲಿ. ಹೊಚ್ಚಿಕೊಂಡಾವ್ರು ಹಸದು ಮಲಗಿದ್ರೂ ಕೌದಿ ಹಸದಿರಬಾರದು." ಅವಳು ಚೂರನ್ನು ಕೈಯಲ್ಲಿ ಹಿಡಿದು ಪ್ರಕಾಶಕನತ್ತ ತಿರುಗಿದಳು. "ಚನ್ನಬಸವಣ್ಣಾರ, ನೀವು ಓದಿದಾವ್ರು. ನನಗೊಂದು ಹೇಳ್ರಿ. ಆ ಹೆಸರಿಲ್ಲದಾಕಿ ಮೂರು ದಿನ ಏನ ತಿಂದ್ಲು?"

ಚನ್ನಬಸವಣ್ಣ ಕಳಕೇಶನ ಮುಖ ನೋಡಿದ. ಕಳಕೇಶನ ಸೂಜಿ ನಿಂತಿತು. ಪುಟಗಳು ಒಂದೊಂದಾಗಿ ಕಣ್ಣ ಮುಂದೆ ಹಾದವು: ಗೋಡೆಗಳಿದ್ದವು, ಗಡಿಯಾರಗಳಿದ್ದವು, ಬಾಗಿಲು ಹಾಕಿದ ಅಂಗಡಿಗಳಿದ್ದವು, ಏಳೆಂಟು ಕಡೆ ಕನ್ನಡಿ ಇತ್ತು. ಒಂದು ಕಪ್ ಚಹಾ ಕೂಡ ಇರಲಿಲ್ಲ.

"ಅದು ಬೇಕಂತನ ಮಾಡಿದ್ದು ಬೇ," ಎಂದ. ಅರ್ಧ ಸುಳ್ಳು. "ಆಕಿ ಹಸದಾಳ. ಇಡೀ ಪುಸ್ತಕ ಇರೂದ ಆ ಹಸಿವಿ ಮ್ಯಾಲೆ."

"ಹಸದಾಳ ಅಂತ ನನಗ ಹೆಂಗ ತಿಳೀಬೇಕೋ? ಆಕಿ ಕಣ್ಣಿಗೆ ಒಂದ ರೊಟ್ಟಿನರ ತೋರಿಸಿದಿ? ಗದಗ ಬಸ್ ಸ್ಟ್ಯಾಂಡಿನ್ಯಾಗ ಅಡ್ಡಾಡಿದಾಕಿಗೆ ಒಂದ ಬದನಿಕಾಯಿ ಬಜ್ಜಿ ಕಾಣಲಿಲ್ಲಂದ್ರ! ಆಕಿಗೆ ಹಸಿವಿನ ಆಗೂದಿಲ್ಲ ಅಂತ ತಿಳಕೊಂಡಿದ್ದೆ ನಾ."

"ಅವ್ವಾರ, ಇದು ಹೊಸ ನಮೂನಿ ಕಾದಂಬರಿರಿ," ಎಂದು ಚನ್ನಬಸವಣ್ಣ ಶುರುಮಾಡುವಷ್ಟರಲ್ಲಿ ಕಳಕೇಶ ಎದ್ದು ಅವನ ಚೀಲಕ್ಕೆ ಕೈಹಾಕಿದ್ದ.

"ಲೇ, ಲೇ! ನಾಳೆ ಮಷಿನ್ನಿಗೆ ಹಾಕೂದೈತಿ! ನೂರಾ ಎಂಬತ್ತನಾಲ್ಕು ಪುಟ ಈಗ ತಿದ್ದಾಕ ಕುಂಡ್ರತೀ ಏನು?"

"ಇಲ್ಲರಿ. ಒಂದ ಪುಟ. ಅಲ್ಲೀತನಕ ನೀವು ಉಣ್ರಿ."

ಚನ್ನಬಸವಣ್ಣ ಉಂಡ. ಸುಶ್ಮಿತಾ ಎರಡನೆಯ ರೊಟ್ಟಿಗೆ ಪಲ್ಯ ಬಡಿಸುವಾಗ ಕಳಕೇಶ ಪೆನ್ನಿಗೆ ಟೋಪಿ ಹಾಕಿದ. ತೊಂಬತ್ತೇಳನೆಯ ಪುಟದ ಅಂಚಿನಲ್ಲಿ ಬರೆದದ್ದನ್ನು ನಿಂತುಕೊಂಡೇ ಓದಿದ.

"ಬಜ್ಜಿ ಎಣ್ಣೆಗೆ ಬಿದ್ದ ಸದ್ದಿಗೆ ಆಕೆ ನಿಂತಳು. ಬಾಣಲೆ ಮೂರು ಸಲ ತುಂಬಿ ಮೂರು ಸಲ ಖಾಲಿಯಾಗುವವರೆಗೂ ನಿಂತಳು. ಆಮೇಲೆ ನಡೆದಳು."

"ತಿನ್ನಲಿಲ್ಲಾ?" ಎಂದಳು ನೀಲಗಂಗವ್ವ.

"ಇಲ್ಲ."

"ಒಂದೂ?"

"ಒಂದೂ ಇಲ್ಲ ಬೇ. ತಿನ್ನೂದಿಲ್ಲ ಆಕಿ." ಈ ಸಲ ಅವನ ದನಿಯಲ್ಲಿ ಸುಳ್ಳಿರಲಿಲ್ಲ.

ವರ್ಷವಿಡೀ ಕೇಳಿ ಮುಗಿದಾಗಲೆಲ್ಲ "ಆತು, ಮುಂದ?" ಎನ್ನುತ್ತಿದ್ದ ನೀಲಗಂಗವ್ವ ಈಗ ಮುಂದೇನೆಂದು ಕೇಳಲಿಲ್ಲ. ಕಳಕೇಶ ಕಟ್ಟಿಗೆ ಮತ್ತೆ ದಾರ ಸುತ್ತಿ ಚನ್ನಬಸವಣ್ಣನ ಕೈಗಿಟ್ಟ.

ಅವಳು ಕೈಯಲ್ಲಿದ್ದ ರೊಟ್ಟಿಯ ಚೂರನ್ನು ಎರಡು ಮಾಡಿದಳು. ಒಂದನ್ನು ಕೌದಿಯ ಬಾಯಿಗೆ ತುರುಕಿ ನಾಲ್ಕು ಹೊಲಿಗೆ ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು. ಇನ್ನೊಂದನ್ನು ಎದ್ದು ಹೋಗಿ ಕಾದಂಬರಿಯ ಕಟ್ಟಿನ ಮೇಲಿಟ್ಟಳು.

"ಇದು ಆಕಿಗೆ."

ಚನ್ನಬಸವಣ್ಣನ ಚೀಲ ಬಾಯಿ ತೆರೆದೇ ಇತ್ತು. ಕಟ್ಟನ್ನು ಓರೆ ಮಾಡಿದರೆ ಚೂರು ಬೀಳುತ್ತದೆಂದು ಅವನು ಅದನ್ನು ಎರಡೂ ಕೈಯಲ್ಲಿ ತಾಟಿನ ಹಾಗೆ ಹಿಡಿದುಕೊಂಡು, ಹೊಸ್ತಿಲು ದಾಟಿ, ಬೈಕಿನ ಮುಂದೆ ಹೋಗಿ ನಿಂತ.