ನನ್ನಂಗ ಮಾಡು

ಕಮಲಾಪುರದ ಶಾಲೆಯ ಮೈದಾನದಲ್ಲಿ ಅಂಜನಾ ಜಿಗಿದಳು, ನೆಲಕ್ಕಿಳಿದಳು, ಮತ್ತೆ ಎಡಕ್ಕೇ ವಾಲಿದಳು. ಆಪರೇಷನ್ ಆಗಿದ್ದ ಬಲಗಾಲು ಕರೆಯದೇ ಬಂದ ನೆಂಟನಂತೆ ಕೊಂಚ ತಡವಾಗಿ, ಸಂಕೋಚದಿಂದ ನೆಲ ಮುಟ್ಟಿತು.

“ಎದಕ್ಕ ಹೆದರ್ತಿ? ನೋಡು, ನನ್ನಂಗ ಮಾಡು,” ಎಂದ ಸಾಯಬಣ್ಣ.

ಮರುದಿನವೇ ಕಲಬುರಗಿಯಲ್ಲಿ ಖೋಖೋ ತಂಡದ ಆಯ್ಕೆ. ಹೀಗೆ ವಾಲುವವಳನ್ನು ಯಾರು ತೆಗೆದುಕೊಳ್ಳುತ್ತಾರೆ? ಮುಂದಿನ ವರ್ಷ ನೋಡೋಣವೆಂದರೆ ವಯಸ್ಸು ಮೀರುತ್ತದೆ. ಪೆಟ್ಟಾದ ಆಟಗಾರರನ್ನು ಮತ್ತೆ ಮೈದಾನಕ್ಕಿಳಿಸುವ ಕೊನೆಯ ಹಂತದ ತರಬೇತಿಯಲ್ಲಿ ತನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ ಎಂದು ಸಾಯಬಣ್ಣ ನಂಬಿದ್ದ. “ಡಾಕ್ಟರು ಕಾಲು ಕೊಡ್ತಾರ, ಓಟ ಕೊಡಾಂವ ನಾನು” ಎಂದು ಮಹಾಗಾಂವದ ಚಹಾದಂಗಡಿಯಲ್ಲಿ ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಕುರ್ಚಿಯಲ್ಲಿ ಕೂತು ಬಾಯಲ್ಲೇ ಕಲಿಸುವ ಕೋಚ್‌ಗಳೆಂದರೆ ಅವನಿಗೆ ತಾತ್ಸಾರ. ಐವತ್ತು ದಾಟಿದ್ದರೂ ಶಿಷ್ಯರ ಮುಂದೆ ಬೆನ್ನು ಮಾಡಿ ನಿಂತು, ಪ್ರತಿಯೊಂದನ್ನೂ ತಾನೇ ಮಾಡಿ ತೋರಿಸುತ್ತಿದ್ದ.

ತಿಂಗಳ ಹಿಂದೆ ಅವಳ ಬೂಟನ್ನು ಬೈದಿದ್ದ. ಹೊಸ ಬೂಟು ಬಂದಿತ್ತು. ಆಮೇಲೆ ಮೈದಾನವನ್ನು ಬೈದಿದ್ದ. ಇವತ್ತು ಕೊನೆಗೆ ಇವಳ ಮನಸ್ಸಿನಲ್ಲೇ ಭಯ ಕೂತಿದೆ ಎಂದು ತೀರ್ಮಾನಿಸಿ ಧೈರ್ಯದ ಮೇಲೆ ಭಾಷಣ ಬಿಗಿದ. ಭಾಷಣ ಎಷ್ಟು ಚೆನ್ನಾಗಿತ್ತೆಂದರೆ ಅವನ ಕಣ್ಣೇ ತುಂಬಿ ಬಂತು. ಅಂಜನಾ ಎದ್ದು ಜಿಗಿದಳು. ಎಡಕ್ಕೆ.

ಬೇರೆ ದಾರಿ ಕಾಣದೆ ಫೋನನ್ನು ಇಟ್ಟಿಗೆಗೆ ಆನಿಸಿಟ್ಟು, ಇಬ್ಬರೂ ಜಿಗಿಯುವ ವಿಡಿಯೋ ಮಾಡಿ ಕಲಬುರಗಿಗೆ, ಫಿಸಿಯೋಥೆರಪಿಸ್ಟ್ ಬುಶ್ರಾಗೆ ಕಳಿಸಿದ. ಆಪರೇಷನ್ ಆದಾಗಿನಿಂದ ಅಂಜನಾಳ ಕಾಲು ನೋಡಿಕೊಂಡವಳು ಅವಳೇ. ಸ್ವಲ್ಪ ಹೊತ್ತಿಗೇ ಫೋನ್ ಬಂತು.

“ಸರ್, ಅಂಜನಾನ ಕಾಲು ಪಕ್ಕಾ ಅದ. ಹೋದ ವಾರ ನಾನೇ ಚೆಕ್ ಮಾಡೀನಿ. ಎರಡೂ ಕಾಲಾಗ ಸಮ ತಾಕತ್ ಅದ.”

“ಮತ್ತ ಯಾಕ ವಾಲಾಕತ್ತಾಳ್ರೀ?”

ಬುಶ್ರಾ ನಗು ತಡೆದುಕೊಂಡೇ ಹೇಳಿದಳು: “ವಿಡಿಯೋದಾಗ ಆಕಿನ್ನ ಬಿಡ್ರಿ, ನಿಮ್ಮನ್ನ ನೋಡ್ರಿ ಸರ್. ನಿಮ್ಮ ಬಲಗಾಲಿಗಿ ಏನಾಗ್ಯದ?”

ಸಾಯಬಣ್ಣ ನೋಡಿದ. ಮುಂದೆ ಗುರು, ಹಿಂದೆ ಶಿಷ್ಯೆ. ಇಬ್ಬರೂ ಒಟ್ಟಿಗೆ ಜಿಗಿದು ಒಟ್ಟಿಗೇ ಎಡಕ್ಕೆ ವಾಲಿದರು. ಕಬಡ್ಡಿ ಆಡುತ್ತಿದ್ದ ಕಾಲದಲ್ಲಿ ತಿರುಚಿಕೊಂಡ ಮೊಣಕಾಲು ಅವನಿಗೆ ಮರೆತೇ ಹೋಗಿತ್ತು. ಪಾಪ, ಹುಡುಗಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದಳು. ಹಿಂದೆ ತನ್ನ ಬಳಿ ತರಬೇತಿಗೆ ಬರುತ್ತಿದ್ದ ಮಹಾಗಾಂವದ ದಿಲೀಪನೂ ಹೀಗೇ ವಾಲುತ್ತಿದ್ದ, ಅವನಿಗೆ ಛಲವೇ ಇಲ್ಲವೆಂದು ತಾನೇ ಬೈದು ಕಳಿಸಿದ್ದೆನಲ್ಲ ಎಂಬುದು ನೆನಪಾಗಿ ಸಾಯಬಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹೋಗಿ ಶಾಲೆಯ ಮೆಟ್ಟಿಲ ಮೇಲೆ ಕೂತ. “ಇನ್ನ ನಾ ಏನೂ ತೋರ್ಸಂಗಿಲ್ಲ. ಆಪರೇಷನ್‌ಗಿಂತ ಮೊದಲ ಹ್ಯಾಂಗ ಜಿಗೀತಿದ್ದಿ, ಹಂಗ ಜಿಗಿ.”

ಎದ್ದು ತೋರಿಸಬೇಕೆಂದು ಕಾಲು ತುಡಿಯುತ್ತಿದ್ದರೂ ತುಟಿ ಕಚ್ಚಿ ಕೂತೇ ಇದ್ದ. ಅಂಜನಾ ಕೆಲವು ಸಲ ತಡವರಿಸಿದಳು. ಆಮೇಲೊಮ್ಮೆ ಜಿಗಿದಾಗ ಎರಡೂ ಪಾದ ಒಂದೇ ಸಪ್ಪಳದಲ್ಲಿ ನೆಲಕ್ಕೆ ಬಂದವು. ಮತ್ತೊಮ್ಮೆಯೂ ಬಂದವು. ಓಡಿದಳು, ಗಕ್ಕನೆ ನಿಂತಳು, ಖೋಖೋ ಕಂಬ ಹಿಡಿದು ಬಲಗಾಲಿನ ಮೇಲೇ ಗಿರ್ರನೆ ತಿರುಗಿದಳು. ಸಾಯಬಣ್ಣನಿಗೆ ಹಿಗ್ಗೋ ಹಿಗ್ಗು. ಇಷ್ಟು ತಿಂಗಳಲ್ಲಿ ತಾನು ಅವಳಿಗೆ ಮಾಡಿದ ದೊಡ್ಡ ಉಪಕಾರವೆಂದರೆ ಕೂತದ್ದೇ ಎಂದು ಹೊಳೆದು ಸಣ್ಣಗೆ ಹೊಟ್ಟೆಯುರಿಯೂ ಆಯಿತು.

“ಭೇಷ್! ನಾಳೆ ನಾನೂ ಬರ್ತೀನಿ. ಧೈರ್ಯಕ್ಕ ನಿನ್ನ ಎದುರಿಗೇ ನಿಂದರ್ತೀನಿ.”

ಅಂಜನಾ ದುಪಟ್ಟಾದಿಂದ ಮುಖ ಒರೆಸಿಕೊಂಡು ಬಹಳ ವಿನಯದಿಂದ ಹೇಳಿದಳು:

“ಖರೇನ ಬರ್ರಿ ಸರ್. ಆದ್ರ ಆಟ ಮುಗಿಯೋತನಕ ನನ್ನ ಕಣ್ಣಿಗಿ ಮಾತ್ರ ಬೀಳಬ್ಯಾಡ್ರಿ.”