ಮುಷ್ಟಿಗೆ ಬಂದ ಜಡೆ

ಕೇತಕಿ ಸೊಸೆಯ ಜಡೆ ಹಿಡಿದೆಳೆದಳು. ಹಿಡಿ ಕೂದಲು ಬುಡಸಮೇತ ಕೈಗೆ ಬಂತು. ತುಂಬುಬಸುರಿ ಝುನು ಮೊಣಕಾಲೂರಿ ಬಿದ್ದಳು. ಕೈ ತಾಗಿ ಪಖಾಳದ ಮಡಕೆ ಒಡೆದು, ರಾತ್ರಿಯೆಲ್ಲ ನೆನೆದ ಹುಳಿ ಅನ್ನ ಅಂಗಳಕ್ಕೆ ಚೆಲ್ಲಿತು.

"ಹೊತ್ತು ನೆತ್ತಿಗೇರಿದ್ರೂ ನಿದ್ದೆ! ತಿಂದು ತಿಂದು ಹಂಡೆ ಥರ ಊದ್ಕೊಂಡಿದ್ದೀಯ!"

"ಥೈರಾಯ್ಡ್ ಕಮ್ಮಿ ಅತ್ತೆ. ತಿಂದದ್ದು ಕರಗಲ್ಲ, ಕೂದಲು ಉದುರುತ್ತೆ, ಮಗುವಿಗೂ ಅಪಾಯ, ಕರುಳಲ್ಲಿರೋ ಒಳ್ಳೆ ಕ್ರಿಮಿಗಳೂ ಕೆಟ್ಟಿವೆ ಅಂದ್ರು ಡಾಕ್ಟರಮ್ಮ. ಮಾತ್ರೆ ನೀವೇ ಕೆರೆಗೆ ಎಸೆದ್ರಲ್ಲ."

"ಆ ಮಾತ್ರೆ ಉಷ್ಣ ಕಣೇ, ಮಗು ಬೆಂದುಹೋಗುತ್ತೆ!"

"ನೀನು ಬಿಡಮ್ಮ, ನಾನು ಬುದ್ಧಿ ಕಲಿಸ್ತೀನಿ," ಎನ್ನುತ್ತ ಮಗ ಬಾನಾಂಬರ ಬಿದಿರುಕೋಲು ಎತ್ತಿದ.

ಕೇತಕಿ ಮುಷ್ಟಿ ಬಿಚ್ಚಿ ನೋಡಿದಳು. ಇಷ್ಟು ಕೂದಲು ಕಿತ್ತುಬಂದರೂ ಝುನು ಚೀರಿರಲಿಲ್ಲ. ಬಾನಾಂಬರನಿಗಿಂತ ಮೊದಲು ಎರಡು ಸತ್ತ ಹೆಣ್ಣುಕೂಸು ಹಡೆದಾಗ ತನ್ನ ಜಡೆಯೂ ಹೀಗೆಯೇ, ನೋವಿಲ್ಲದೆ, ತನ್ನ ಅತ್ತೆಯ ಕೈಗೆ ಬಂದಿತ್ತು. ಅದಕ್ಕೆ ಮದ್ದಿದೆಯೆಂದು ಆಗ ಯಾರೂ ಹೇಳಿರಲಿಲ್ಲ.

ಅವಳು ಕೋಲು ಕಿತ್ತುಕೊಂಡು ಮಗನ ಮೊಣಕಾಲಿಗೇ ಬೀಸಿದಳು. ಸೊಸೆಯೆದುರು ಎಂದೂ ಜಾರದ ತಲೆಯ ಸೆರಗು ಜಾರಿ, ಅರೆಬೋಳು ನೆತ್ತಿ ಬಿಸಿಲಿಗೆ ಬಿತ್ತು.

"ನಿನ್ನ ಇಬ್ಬರು ಅಕ್ಕಂದಿರನ್ನ ಹೂತಿದ್ದೀನಿ ಕಣೋ! ಡಾಕ್ಟರಮ್ಮನ ಹತ್ರ ಓಡು, ಆ ಮಾತ್ರೆ ಮತ್ತೆ ತಗೊಂಬಾ!"